ದನಿ ಇಳಿಸುವ ಜಾಗಗಳು

ಸೀರೆ ಅಂಗಡಿಯಲ್ಲೂ ಜನ ಇಷ್ಟು ಹೊತ್ತು ಆರಿಸುವುದಿಲ್ಲ. ಬಸ್ಸು ಇನ್ನೇನು ಹೊರಡಬೇಕು, ಚಾಲಕ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ, ಇವರು ಮಾತ್ರ ಸೀಟಿನ ಮುಂದಿನ ಪರದೆಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಡಿಜೆ ಮಿಕ್ಸನ್ನು ಚೂರುಚೂರು ಕೇಳಿ ಮೂಗು ಮುರಿಯುತ್ತಿರುತ್ತಾರೆ. ಇದು ಬಹಳ ಗದ್ದಲ, ಇದು ಬಹಳ ಸಪ್ಪೆ, ಇದು ಹೋದ ಸಲ ಕೇಳಿದ್ದೇ. ಗಂಡ ಆರಿಸಿದ್ದು ಹೆಂಡತಿಗೆ ಆಗಿಬರುವುದಿಲ್ಲ. ಸಹಾಯದ ಗುಂಡಿ ಒತ್ತಿ ನನ್ನನ್ನೇ ಕೇಳುವವರೂ ಇದ್ದಾರೆ: "ಘಟ್ಟದಾಗ ವಾಂತಿ ಬರಲಾರದಂಥಾದ್ದು ಯಾವುದೈತ್ರಿ?" ಒಬ್ಬ ಪುಣ್ಯಾತ್ಮರಂತೂ, "ದಾರಿ ಉದ್ದ ಆಗೋ ಮಿಕ್ಸ್ ಐತೇನ್ರಿ?" ಎಂದು ಕೇಳಿದ್ದರು. ಅವರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಶಮೀಮಾ ನದಾಫ್. ಮಿಂಚುಗಾಲಿ ಸಾರಿಗೆಯ ಹುಬ್ಬಳ್ಳಿ ನಿಯಂತ್ರಣ ಕೋಣೆಯಲ್ಲಿ ಹಿರಿಯ ಮಿಕ್ಸರ್. ಹಿರಿಯ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ, ಬೇರೆಯವರೆಲ್ಲ ನನಗಿಂತ ಚಿಕ್ಕವರು ಎಂದಷ್ಟೇ ಅರ್ಥ. ನನ್ನ ಅಪ್ಪ ಮಾಬೂಸಾಬ ನರಗುಂದದಲ್ಲಿ ಟ್ರ್ಯಾಕ್ಟರ್ ಮೇಲೆ ಡಿಜೆ ಕಟ್ಟಿಕೊಂಡು ಮದುವೆ, ಗಣಪತಿ, ಉರುಸು ಯಾವುದನ್ನೂ ಬಿಡದೆ ಹೋಗುತ್ತಿದ್ದ. ಸ್ಪೀಕರುಗಳ ನಡುವೆ ಒಂದು ಕುರ್ಚಿ ಕಟ್ಟಿ ನನ್ನನ್ನು ಕೂರಿಸುತ್ತಿದ್ದ. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಹೇಗೆ ಅಂಟಿಸಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಅಪ್ಪನ ಹತ್ತಿರ ಒಂದೇ ಒಂದು ಕಟ್ಟುನಿಟ್ಟು ಇತ್ತು. ಮೆರವಣಿಗೆ ಎಷ್ಟೇ ಜೋರಾಗಿರಲಿ, ಸಾವಿನ ಮನೆ ಬಂದರೆ, ಆಸ್ಪತ್ರೆ ಬಂದರೆ, ಮಕ್ಕಳು ಪಾಠ ಕೇಳುವ ಶಾಲೆ ಬಂದರೆ ದನಿ ಇಳಿಸಬೇಕು. ಕುಣಿಯುವ ಹುಡುಗರು ಬೈದರೂ ಇಳಿಸಬೇಕು. "ದಾಟೂತನಕ ಇಳಸು, ದಾಟಿದ ಮ್ಯಾಲ ಏರಸು. ಏರಸಲಿಲ್ಲ ಅಂದ್ರ ಮೆರವಣಿಗಿ ಅಲ್ಲೇ ನಿಂತಬಿಡತೈತಿ," ಎನ್ನುತ್ತಿದ್ದ. ಹೀಗೆ ಬೆಳೆದ ಕೈಗೆ ಬುದ್ಧಿಗಿಂತ ಮೊದಲೇ ಗೊತ್ತಾಗುತ್ತದೆ. ಇವತ್ತಿಗೂ ಆಟೋದಲ್ಲಿ ಹೋಗುವಾಗ ಆಸ್ಪತ್ರೆ ಕಂಡರೆ ನನ್ನ ಬಲಗೈ ಹೆಬ್ಬೆರಳು ತಾನಾಗಿ ಕೆಳಗೆ ಜಾರುತ್ತದೆ.

ಈಗ ನಮ್ಮ ಬಸ್ಸಿನ ಈ ಮಿಕ್ಸು, ಗಳಿಗೆ ಮಿಕ್ಸ್ ಎನ್ನುತ್ತೇವಲ್ಲ, ಅದು ಏನು ಎಂದು ಹೇಳಬೇಕು. ಅದನ್ನು ಕಂಡುಹಿಡಿದವರು ನಮ್ಮ ಡಾಕ್ಟರ್ ವೃಂದಾ ಕೊಪ್ಪೀಕರ್, ಧಾರವಾಡದವರು, ಮೆದುಳಿನ ವಿಜ್ಞಾನಿ. ಅವರು ನನಗೆ ಮೊದಲ ದಿನ ವಿವರಿಸಿದ್ದು ಹೀಗೆ: "ನೋಡು ಶಮೀಮಾ, ಮೆದುಳು ಗಡಿಯಾರ ನೋಡೂದಿಲ್ಲ, ಗಂಟು ಎಣಸ್ತದ. ಒಂದು ಹಾಡು ಮುಗೀತು, ಒಂದು ಗಂಟು. ಇನ್ನೊಂದು ಸುರು ಆತು, ಇನ್ನೊಂದು ಗಂಟು. ಗಂಟು ಎಷ್ಟವ ಅದರ ಮ್ಯಾಲೆ ಹೊತ್ತು ಎಷ್ಟಾತು ಅಂತ ಲೆಕ್ಕ ಹಾಕ್ತದ. ಗಂಟೇ ಬೀಳಲಾರದಂಗ ಮಾಡಿದರ?"

ಗಂಟೇ ಬೀಳದ ಹಾಗೆ ಮಾಡಿದರು. ಪ್ರಯಾಣಿಕರ ಮುಂಗೈಗೆ ಒಂದು ನಾಡಿಪಟ್ಟಿ, ಕಿವಿಗೆ ಹೆಡ್‌ಫೋನ್. ನಾಡಿ ಸಡಿಲವಾಗುವ ಕ್ಷಣವನ್ನೇ ಕಾದು ಯಂತ್ರ ಹಾಡಿಗೆ ಹಾಡು ಬೆಸೆಯುತ್ತದೆ. ಬೆಸುಗೆ ಎಲ್ಲಿ ಆಯಿತು ಎಂದು ಕಿವಿಗೂ ತಿಳಿಯುವುದಿಲ್ಲ, ಮೆದುಳಿಗೂ ತಿಳಿಯುವುದಿಲ್ಲ. ಅದು ನಿದ್ದೆಯಲ್ಲ. ಕಣ್ಣು ತೆರೆದೇ ಇರುತ್ತದೆ, ಕಿಟಕಿಯಲ್ಲಿ ಊರು, ಹೊಳೆ, ಘಟ್ಟ ಎಲ್ಲ ಹೋಗುತ್ತವೆ, ಒಂದೂ ಅಂಟಿಕೊಳ್ಳುವುದಿಲ್ಲ. ಹೊಸಪೇಟೆಯಲ್ಲಿ ಬೆಳಿಗ್ಗೆ ಹತ್ತಿದವರು ಮಂಗಳೂರಿನಲ್ಲಿ ಸಂಜೆ ಇಳಿಯುವಾಗ ಒಂದು ಕಪ್ ಚಹಾ ಕುಡಿದಷ್ಟು ಹೊತ್ತಾಯಿತು ಎನ್ನುತ್ತಾರೆ. ನಡುವೆ ಯಲ್ಲಾಪುರದಲ್ಲಿ ಊಟಕ್ಕೆ ಮಾತ್ರ ಮಿಕ್ಸ್ ಬಿಡುತ್ತದೆ. ಹೊಟ್ಟೆಗೂ ಮೂತ್ರಕೋಶಕ್ಕೂ ಮೋಸ ಮಾಡುವ ವಿದ್ಯೆ ಡಾಕ್ಟರರಿಗೆ ಇನ್ನೂ ಸಿದ್ಧಿಸಿಲ್ಲ.

ಹಾಡು ಆರಿಸುವ ಕೆಲಸ, ಮೊದಲ ಮಿಶ್ರಣ ಮಾಡುವ ಕೆಲಸ ನಮ್ಮದು. ಜಾನಪದ, ಭಜನೆ, ಹಳೇ ಸಿನಿಮಾ, ಬರೀ ಹಲಗೆ, ಬರೀ ಶಹನಾಯಿ, ಹೀಗೆ ನೂರಾರು. ಯಾವುದನ್ನು ಆರಿಸಿದರೂ ದಾರಿ ಮಾಯವೇ, ಮಾಯವಾಗುವ ರುಚಿ ಬೇರೆ ಅಷ್ಟೆ. ಮೂರೇ ವರ್ಷದಲ್ಲಿ ಜನ ಇದಕ್ಕೆ ಹೇಗೆ ಒಗ್ಗಿದರೆಂದರೆ, ದೂರ ಎನ್ನುವ ಮಾತನ್ನೇ ಮರೆತರು. ನನ್ನ ಗಂಡ ಉಸ್ಮಾನ್ ದಿನಾ ಬೆಳಗಾವಿಗೆ ಹೋಗಿ ಬರುತ್ತಾರೆ. ಸಂಜೆ ಬಾಗಿಲಲ್ಲಿ ನಿಂತವರನ್ನು "ಎಲ್ಲಿಂದ ಬಂದ್ರಿ?" ಎಂದು ಕೇಳಿದರೆ, "ಬಾಗಲದಿಂದ" ಎಂದು ಹಲ್ಲು ಕಿರಿಯುತ್ತಾರೆ.

ಇಂಥದ್ದರ ನಡುವೆ ಒಂದು ಮಂಗಳವಾರ ಇಂದುಮತಿ ಬಂದರು.

ಕೆಳಗಿನ ಕೌಂಟರಿನವರು ಅವರನ್ನು ನನ್ನ ಹತ್ತಿರ ಕಳಿಸಿದ್ದು ಏನು ಮಾಡಬೇಕೆಂದು ತೋಚದೆ. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ಭುಜ, ಅಂಗೈ ತುಂಬ ಜಡ್ಡು. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾರಂತೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ದಾರಿ ವಾಪಸ್ ಕೊಡ್ರಿ," ಎಂದರು.

"ಟಿಕೆಟ್ ರದ್ದು ಮಾಡಿಸಿದ್ರೇನ್ರಿ?"

"ಟಿಕೆಟ್ ಅಲ್ರಿ. ದಾರಿ."

ಆಮೇಲೆ ಕೂತರು. ಒಂದೇ ಉಸಿರಿಗೆ ಹೇಳಿದರು. ಗಂಡ ಪಂಪಾಪತಿ, ಹೊಸಪೇಟೆಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ರಕ್ತದ ಕಾಯಿಲೆ ಬಂತು, ಮಂಗಳೂರಿನ ಆಸ್ಪತ್ರೆಗೆ ವಾರವಾರ ಹೋಗಬೇಕಾಯಿತು. ವರ್ಷಕ್ಕೂ ಮಿಕ್ಕಿ ಹೋದರು, ಇಬ್ಬರೂ ಕೂಡಿ, ನಮ್ಮ ಬಸ್ಸಿನಲ್ಲೇ. ಉಳಿದ ದಿನ ಇವರಿಗೆ ಎರಡೆರಡು ಪಾಳಿ, ಆಸ್ಪತ್ರೆಯಲ್ಲಿ ಅವರೊಬ್ಬರನ್ನೇ ಒಳಗೆ ಬಿಡುತ್ತಿದ್ದದ್ದು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

"ನಾನ ಆರಿಸ್ತಿದ್ದೆ ರೀ, ಇಬ್ಬರಿಗೂ. ಕ್ರೇನಿನ ಮ್ಯಾಲ ಊಟದ ಬಿಡುವಿನಾಗ ಕೂತು ಒಂದೊಂದ ಮಿಕ್ಸ್ ಕೇಳ್ತಿದ್ದೆ. ಬಸ್ಸು ಕುಲುಕಿದ್ರ ಅವ್ರಿಗೆ ಎಲುಬೆಲ್ಲ ನೋವು. ದಾರಿ ಗೊತ್ತ ಆಗಬಾರದು ಅಂತ ಭಾಳ ಮೆತ್ತಂದು, ಭಾಳ ನುಣ್ಣಂದು ನೋಡಿ ನೋಡಿ ಆರಿಸ್ತಿದ್ದೆ. ಹತ್ತಿದ ಕೂಡಲೇ ಅವ್ರಿಗೆ ಹಾಕಿ ನಾನೂ ಹಾಕ್ಕೊಂತಿದ್ದೆ. ಕಣ್ಣು ಮುಚ್ಚಿ ತೆರೆಯೋದ್ರಾಗ ಯಲ್ಲಾಪುರ, ಕಣ್ಣು ಮುಚ್ಚಿ ತೆರೆಯೋದ್ರಾಗ ಮಂಗಳೂರು." ಅವರು ತಮ್ಮ ಅಂಗೈ ನೋಡಿಕೊಂಡರು. "ಈಗ ನೆನಸ್ಕೊಳ್ಳಾಕ ಕೂತ್ರ ಏನೂ ಇಲ್ರಿ. ಬರೀ ಯಲ್ಲಾಪುರದ ಊಟ ಐತಿ. ಅವರು ಕೈ ತೊಳಿಯೋದು, ನಾ ಕೈ ತೊಳಿಯೋದು. ಅಷ್ಟೂ ಹೊತ್ತು ಅವ್ರು ನನ್ನ ಭುಜಕ್ಕ ಭುಜ ಹಚ್ಚಿ ಕೂತಿದ್ರಲ್ರಿ. ಅದೆಲ್ಲ ನಿಮ್ಮ ಕಡೆ ಐತಿ. ಕೊಡ್ರಿ."

ಅವರನ್ನು ಡಾಕ್ಟರ್ ಕೊಪ್ಪೀಕರರ ಪ್ರಯೋಗಶಾಲೆಗೆ ಕರೆದುಕೊಂಡು ಹೋದೆ.

ಡಾಕ್ಟರು ಒಳ್ಳೆಯವರು. ಸಮಾಧಾನಕ್ಕಾದರೂ ಸುಳ್ಳು ಹೇಳಲು ಬರುವುದಿಲ್ಲ, ಅದೊಂದೇ ಐಬು. ಒಂದು ಪ್ರಯತ್ನ ಮಾಡೋಣ ಎಂದರು. ಇಂದುಮತಿ ಹೆಚ್ಚು ಸಲ ಆರಿಸಿದ್ದ ಮಿಕ್ಸನ್ನೇ, ಬಸ್ಸಿನಂಥದೇ ಸೀಟಿನಲ್ಲಿ ಕೂರಿಸಿ, ನಾಡಿಪಟ್ಟಿ ಕಟ್ಟಿ ಕೇಳಿಸಿದರು. ಒಮ್ಮೊಮ್ಮೆ ಹಾಡು ಕೇಳಿದರೆ ಹಳೆಯದು ನೆನಪಾಗುತ್ತದಲ್ಲ, ಆ ಆಸೆ. ಗೋಡೆಯ ಪರದೆಯ ಮೇಲೆ ಅವರ ಮೆದುಳಿನ ಗೆರೆ ಸಮುದ್ರ ಶಾಂತವಾದ ಹಾಗೆ ಚಪ್ಪಟೆಯಾಗಿ ಹರಿಯಿತು. ಮಧ್ಯಾಹ್ನವೆಲ್ಲ ಹರಿಯಿತು. ಒಂದು ಗಂಟೂ ಕಾಣಲಿಲ್ಲ.

ಹೆಡ್‌ಫೋನ್ ತೆಗೆದಾಗ ಇಂದುಮತಿ ಕಿಟಕಿಯ ಬಿಸಿಲು ಇಳಿದದ್ದನ್ನು ನೋಡಿದರು. "ಇನ್ನೊಂದು ಮಧ್ಯಾಹ್ನ ಹೋತಲ್ರಿ," ಎಂದರು.

"ತಾಯಿ," ಎಂದರು ಡಾಕ್ಟರು. ಅವರ ಕಣ್ಣು ಕೆಂಪಾಗಿತ್ತು. "ಕಟ್ಟಿದ ಗಂಟಾದರ ಬಿಚ್ಚಬಹುದು. ಕಟ್ಟಲೇ ಇಲ್ಲಲಾ, ಏನು ಬಿಚ್ಚಲಿ? ನೀವು ಕೇಳಿದ್ದು ನಮ್ಮ ಕಡೆ ಇಲ್ಲ. ನಿಮ್ಮ ಕಡೆನೂ ಇಲ್ಲ. ಅದು ಎಲ್ಲೂ ಇಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದರೂ ನಡೆಯುತ್ತಿತ್ತು ಎಂದು ನನಗೆ ಸಿಟ್ಟು ಬಂತು. ಆದರೆ ಇಂದುಮತಿ ಅಳಲಿಲ್ಲ. ಕೈ ಮುಗಿದರು, ಹೋದರು. ಹೋಗುವಾಗ ಒಂದು ಚೀಲ ಮರೆತರು. ಒಳಗೆ ಪಂಪಾಪತಿಯವರ ಹೆಡ್‌ಫೋನ್ ಇತ್ತು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದು.

ಅವತ್ತು ಸಂಜೆ ಉಸ್ಮಾನ್ ಬಂದಾಗ ಕೇಳಿದೆ, "ದಾರ್‍ಯಾಗ ಏನ್ ನೋಡಿದ್ರಿ?"

"ಯಾವ ದಾರಿ?"

"ಬೆಳಗಾವಿಯಿಂದ ಇಲ್ಲಿಗೆ ಹಾರಿ ಬಂದ್ರೇನು? ದಾರಿ. ಪಕ್ಕದಾಗ ಯಾರ್ ಕೂತಿದ್ರು?"

ಅವರು ಬಹಳ ಯೋಚಿಸಿದರು. ಪಾಪ, ಪ್ರಾಮಾಣಿಕವಾಗಿಯೇ ಯೋಚಿಸಿದರು. "ಯಾರೋ ಇದ್ರು ಅನಸ್ತದ," ಎಂದರು.

ಭಾನುವಾರ ಚೀಲ ತೆಗೆದುಕೊಂಡು ಹೊಸಪೇಟೆಗೆ ಹೋದೆ. ಹೆಡ್‌ಫೋನ್ ಹಾಕಿಕೊಳ್ಳದೆ ಕೂತು ಹೋದೆ, ಬೆನ್ನು ನೋವು ಬಂತು. ಇಂದುಮತಿಯ ಮನೆ ಕಾಲುವೆಯ ಪಕ್ಕದ ರಸ್ತೆಯಲ್ಲಿ. ನಮ್ಮ ಬಸ್ಸುಗಳು ಅದೇ ರಸ್ತೆಯಲ್ಲಿ ಓಡಾಡುತ್ತವೆ, ಪ್ರತಿ ಸಲ ಹೋದಾಗಲೂ ಅಡುಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಮೊಳೆಗೆ ಒಂದು ಸೀಟಿ ನೇತುಹಾಕಿತ್ತು, ಪಿ.ಟಿ. ಮಾಸ್ತರದು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಮುಂದಿಟ್ಟರು. ಸಾವಿನ ಮನೆಯಲ್ಲಿ ಇಷ್ಟು ರುಚಿಯ ಬಜ್ಜಿ ತಿನ್ನುವುದು ತಪ್ಪೋ ಸರಿಯೋ ಎಂದುಕೊಳ್ಳುತ್ತಲೇ ನಾಲ್ಕು ತಿಂದೆ.

ಅವರು ಗಂಡನ ಮಾತು ಆಡುತ್ತ ನಗಾಡಿದರು. "ಭಾಳ ಸುಳ್ಳುಬುರುಕ ಮನುಷ್ಯಾ ರೀ. ಮಂಗಳೂರಿಗೆ ಇಳಿದು ಆಸ್ಪತ್ರಿ ಸಾಲಿನಾಗ ಕೂತಾಗ ನನ್ನ ನಗಸಾಕ ದಾರಿ ಸುದ್ದಿ ಹೇಳೋರು. ಕಿರವತ್ತಿ ಕಡೆ ಒಂದು ಸಾಲಿ ಐತಂತ, ಅದರ ಅಂಗಳದಾಗ ಹುಡುಗ್ರು ಖೊಖೊ ಆಡಾಕ್ಹತ್ತಿದ್ವಂತ, ಒಬ್ಬಾಂವ ಉಲ್ಟಾ ಮುಖ ಮಾಡಿ ಕೂತಿದ್ನಂತ. ಇವ್ರಿಗೆ ಬಸ್ಸಿನಾಗಿಂದ ಸೀಟಿ ಊದಬೇಕು ಅನಿಸ್ತಂತ. ಗಳಿಗಿ ಮಿಕ್ಸ್ ಹಾಕ್ಕೊಂಡಾವ್ರಿಗೆ ಖೊಖೊ ಹೆಂಗ ಕಾಣತೈತ್ರಿ? ಮತ್ತ ಏನ್ ಹೇಳೋರು ಗೊತ್ತೇನ್ರಿ? ಅಣ್ಣಿಗೇರಿ ದಾಟಿದ ಮ್ಯಾಲ ಒಂದು ಹಂಚಿನ ಮನಿಗೆ ದಿನಾ ನಮಸ್ಕಾರ ಮಾಡ್ತೀನಿ ಅಂತ."

ನನ್ನ ಕೈಯಲ್ಲಿದ್ದ ಬಜ್ಜಿ ತಟ್ಟೆಗೆ ಬಿತ್ತು.

ಆ ಹಂಚಿನ ಮನೆಯ ಗುಟ್ಟು ನನಗೆ ಗೊತ್ತಿತ್ತು. ಅದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ, ನಾನು ಮತ್ತು ದಾರಿ ಉದ್ದ ಮಾಡಿ ಎಂದು ಕೇಳಿದ ಆ ಪುಣ್ಯಾತ್ಮರು.

ಅವರು ಸಹಾಯದ ಗುಂಡಿ ಒತ್ತಿ ಹಾಗೆ ಕೇಳಿದಾಗ ನಾನು ನಕ್ಕಿದ್ದೆ. "ಎಲ್ಲಾರೂ ದಾರಿ ಸಣ್ಣದು ಮಾಡ್ರಿ ಅಂತಾರ, ನಿಮಗೇನ್ರಿ ಬಂತು?" ಅವರು ಪಿಸುದನಿಯಲ್ಲಿ ಹೇಳಿದ್ದರು: "ಪಕ್ಕದಾಗ ಮನಿಯಾಕಿ ಅದಾಳ್ರಿ. ಇಡೀ ವಾರದಾಗ ಆಕಿ ನನಗ ಸಿಗೋದು ಈ ಬಸ್ಸಿನಾಗ ಅಷ್ಟ. ನಿಮ್ಮ ಮಿಕ್ಸ್ ಅದನ್ನೂ ನುಂಗತೈತಿ." ನೋವು ಗೊತ್ತಾಗುತ್ತದಲ್ಲ ಎಂದರೆ, "ನೋವು ಮನ್ಯಾಗೂ ಐತಿ, ಆಸ್ಪತ್ರ್ಯಾಗೂ ಐತಿ. ಆಕಿ ಇರೋ ಕಡೆ ಇದ್ರ ಇರ್‍ಲಿ ಬಿಡ್ರಿ," ಎಂದರು. ಮತ್ತೆ, "ಆಕಿಗೆ ಹೇಳಬ್ಯಾಡ್ರಿ. ನನ್ನ ಸಲುವಾಗಿ ಆರಿಸಿ ಆರಿಸಿ ಹಾಕ್ತಾಳ. ಆಕಿ ಮಿಕ್ಸಿನಾಗ ಮುಳುಗಿದ ಮ್ಯಾಲ ನಾನು ಬ್ಯಾರೇದು ಹಾಕ್ಕೊಂತೀನಿ." ಹೆಸರು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹೆಡ್‌ಫೋನನ್ನೇ ತೆಗೆದಿಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ತೆಗೆದರೆ ಎಲುಬಿನ ನೋವೊಂದೇ ಕೇಳಿಸುತ್ತದೆ ಎಂದರು. ಅದಕ್ಕೇ ಒಂದು ಮಿಕ್ಸ್ ಕೈಯಾರೆ ಮಾಡಲು ಹೊರಟೆ. ಒಂದು ರಜೆಯ ದಿನ ಅದೇ ಬಸ್ಸು ಹತ್ತಿ, ಮಡಿಲಲ್ಲಿ ಸಣ್ಣ ಮಿಕ್ಸರ್ ಪೆಟ್ಟಿಗೆ ಇಟ್ಟುಕೊಂಡು, ಕಿಟಕಿ ನೋಡುತ್ತ ಮಾಡಿದೆ. ಕಿಟಕಿ ನೋಡುತ್ತ ಮಾಡಿದ್ದೇ ಎಡವಟ್ಟಾಯಿತು. ಗದಗಿನ ಆಸ್ಪತ್ರೆ ಬಂತು, ಹೆಬ್ಬೆರಳು ಕೆಳಗೆ. ಅಣ್ಣಿಗೇರಿ ದಾಟಿ ಹಂಚಿನ ಮನೆ, ಮುಂದೆ ಪೆಂಡಾಲ್, ಹೊಗೆ, ತಲೆಗೆ ಟವೆಲ್ ಸುತ್ತಿದ ಗಂಡಸರು, ಹೆಬ್ಬೆರಳು ಕೆಳಗೆ. ಕಿರವತ್ತಿಯ ಶಾಲೆ, ಮತ್ತೆ ಕೆಳಗೆ. ಮಂಗಳೂರು ಮುಟ್ಟುವಷ್ಟರಲ್ಲಿ ಮಿಕ್ಸ್ ತುಂಬ ತಗ್ಗು. ಕಂಪನಿಯ ಪ್ರಕಾರ ಕೆಟ್ಟ ಮಾಲು. ಪಟ್ಟಿಯಲ್ಲಿ ಅದಕ್ಕೆ 'ಪರೀಕ್ಷೆಗೆ, ಆರಿಸಬೇಡಿ' ಎಂದು ಹೆಸರಿಟ್ಟೆ. ಬೇರೆ ಯಾರೂ ಮುಟ್ಟಲಿಲ್ಲ. ಮಿಂಚುಗಾಲಿ ಬಸ್ಸಿಗೆ ತನ್ನದೇ ಹಾದಿ, ವೇಗ ತಪ್ಪುವುದಿಲ್ಲ. ಹಾಗಾಗಿ ಪ್ರತಿ ವಾರವೂ ದನಿ ಅದೇ ಜಾಗಗಳಲ್ಲೇ ಇಳಿಯುತ್ತಿತ್ತು, ಪ್ರತಿ ತಗ್ಗಿನಲ್ಲೂ ಒಂದು ಗಂಟು ಬೀಳುತ್ತಿತ್ತು. ಅವರು ಒಮ್ಮೆ ಕೇಳಿದ್ದರು, ಆ ಹಂಚಿನ ಮನೆ ಮುಂದೆ ಯಾಕೆ ಇಳಿಯುತ್ತದೆ ಎಂದು. ಅವತ್ತು ಅಲ್ಲಿ ಸಾವಾಗಿತ್ತು ಎಂದೆ. "ಹಂಗಾರ ದಿನಾ ಒಂದು ನಮಸ್ಕಾರ ಹಾಕ್ತೀನಿ ಬಿಡ್ರಿ," ಎಂದಿದ್ದರು. ಆಮೇಲೆ ಕರೆ ನಿಂತಿತು. ಗುಣವಾಯಿತೇನೋ ಎಂದುಕೊಂಡಿದ್ದೆ.

ಮಾತು ಕೊಟ್ಟಿದ್ದೆ ನಿಜ. ಆದರೆ ಈ ಹೆಂಗಸಿನ ಎದುರು ಕೂತು ಹೇಳದೆ ಇರುವುದು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ.

ಇಂದುಮತಿಗೆ ಮೊದಲು ಬಂದದ್ದು ಸಿಟ್ಟು. "ಅಂದ್ರ ನಾ ಆರಿಸಿದ್ದು ಒಂದೂ ಕೇಳಿಲ್ಲೇನು ಅವ್ರು? ಭಾಳ ಛಲೋ ಇತ್ತು ಇಂದೂ, ಭಾಳ ಮೆತ್ತಗಿತ್ತು ಅಂತಿದ್ರಲ್ರಿ!" ಎದ್ದರು, ಅಡುಗೆಮನೆಗೆ ಹೋದರು, ಒಲೆ ಆರಿಸಿದರು, ಹಿಂದಕ್ಕೆ ಬಂದರು. ಬರುವಷ್ಟರಲ್ಲಿ ಮುಖ ಬೇರೆಯಾಗಿತ್ತು. "ಹಂಗಾರ ಅಷ್ಟು ದೂರ ಅವ್ರು ಒಬ್ಬರ ಎಚ್ಚರ ಇದ್ರು. ಪಕ್ಕದಾಗ ಇದ್ದೂ ಒಬ್ಬರನ್ನ ಕೂಡ್ರಿಸಿದ್ನೆಲ್ರಿ ನಾನು," ಎಂದು ಆಗ ಅತ್ತರು. ಆ ಜಡ್ಡುಗಟ್ಟಿದ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ರಸ್ತೆಯಲ್ಲಿ ಬಸ್ಸು ಹೋಯಿತು, ತಟ್ಟೆಗಳು ನಡುಗಿದವು.

"ಆ ಮಿಕ್ಸ್ ನನಗ ಬೇಕು," ಎಂದರು ಕೊನೆಗೆ.

ಅಲ್ಲೇ ಇತ್ತು ತೊಡಕು. ಹೋದ ತಿಂಗಳು ಹೊಸ ತಂತ್ರಾಂಶ ಬಂದು ಪಟ್ಟಿಯಲ್ಲಿದ್ದ ಎಲ್ಲ ಮಿಕ್ಸುಗಳ ಏರುತಗ್ಗು ಸಮ ಮಾಡಿಬಿಟ್ಟಿತ್ತು. ಹುಬ್ಬಳ್ಳಿಗೆ ಬಂದು ಹುಡುಕಿದೆ. 'ಪರೀಕ್ಷೆಗೆ, ಆರಿಸಬೇಡಿ' ಇತ್ತು. ಹಾಕಿ ಕೇಳಿದರೆ ಬೆಣ್ಣೆ. ಗದಗಿಲ್ಲ, ಅಣ್ಣಿಗೇರಿಯಿಲ್ಲ, ಕಿರವತ್ತಿಯಿಲ್ಲ. ಯಂತ್ರಕ್ಕೆ ಅವು ತಪ್ಪು ಕಂಡಿದ್ದವು, ತಿದ್ದಿತ್ತು. ಯಂತ್ರಕ್ಕೆ ಬೈದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಡಾಕ್ಟರ ಹತ್ತಿರ ಹೋಗಿ, "ಮತ್ತೊಮ್ಮೆ ಬಸ್ಸಿನಾಗ ಕೂತು ಕೈಲೆ ಮಾಡಬೇಕ್ರಿ, ಆಯಮ್ಮನ ಕಿವಿಗೆ ಅಷ್ಟ," ಎಂದೆ. "ಶಮೀಮಾ, ಆಕಿ ಕೇಳಿದ್ದು ಆಕಿ ನೆನಪು. ನೀ ಕೊಡ್ಲಿಕ್ಕೆ ಹೊಂಟದ್ದು ಅವನ ನೆನಪು. ಅದು ಬ್ಯಾರೆ," ಎಂದರು. ಗೊತ್ತು ಎಂದೆ. "ಹಂಗಿದ್ರ ಹೋಗು. ಪ್ರಯೋಗ ಅಂತ ನಾ ಹೇಳ್ತೀನಿ ಮ್ಯಾಲಿನವರಿಗೆ," ಎಂದರು.

ಇಂದುಮತಿ ಎರಡು ಸೀಟು ಹಿಡಿದರು. ಗಂಡನನ್ನು ಯಾವಾಗಲೂ ಕಿಟಕಿಯ ಪಕ್ಕ ಕೂರಿಸುತ್ತಿದ್ದರಂತೆ, ಗಾಳಿ ಬರಲಿ ಎಂದು. ಈ ಸಲ ತಾವು ಅಲ್ಲಿ ಕೂತರು. ತಾವು ಮೊದಲು ಕೂರುತ್ತಿದ್ದ ಪಕ್ಕದ ಸೀಟು ಖಾಲಿ. ನಾನು ಹಿಂದಿನ ಸಾಲಿನಲ್ಲಿ, ಮಡಿಲಲ್ಲಿ ಪೆಟ್ಟಿಗೆ. ಅವರು ಪಂಪಾಪತಿಯವರ ಹೆಡ್‌ಫೋನನ್ನೇ ಹಾಕಿಕೊಂಡರು. ಬಸ್ಸು ಹೊರಟಿತು, ಸುತ್ತಲಿನವರು ತಮ್ಮ ತಮ್ಮ ಮಿಕ್ಸ್ ಆರಿಸಿಕೊಂಡು ಒಬ್ಬೊಬ್ಬರಾಗಿ ಆರಿದರು. ಇಡೀ ಬಸ್ಸಿನಲ್ಲಿ ಎಚ್ಚರವಿದ್ದವರು ಚಾಲಕನನ್ನು ಬಿಟ್ಟರೆ ನಾವಿಬ್ಬರೇ.

ಗದಗಿನ ಆಸ್ಪತ್ರೆಯ ಮುಂದೆ ದನಿ ಇಳಿಸಿದೆ. ಇಂದುಮತಿ ಬೆಚ್ಚಿ ಹೊರಗೆ ನೋಡಿದರು. ಗೇಟಿನಲ್ಲಿ ಒಬ್ಬಾಕೆ ಬಾಳೆಹಣ್ಣು ಮಾರುತ್ತಿದ್ದಳು. ಅಣ್ಣಿಗೇರಿ ದಾಟಿ ಹಂಚಿನ ಮನೆ ಬಂತು, ಪೆಂಡಾಲ್ ಇಲ್ಲ, ಅಂಗಳದಲ್ಲಿ ಯಾರದೋ ಲಂಗ ಒಣಗುತ್ತಿತ್ತು. ಇಂದುಮತಿ ಕೈ ಮುಗಿದರು. ಕಿರವತ್ತಿಯ ಶಾಲೆಯ ಅಂಗಳದಲ್ಲಿ ನಿಜವಾಗಿಯೂ ಖೊಖೊ ನಡೆದಿತ್ತು, ಧೂಳು ಎದ್ದಿತ್ತು. ಅವರು ಕಿಟಕಿಗೆ ಹಣೆ ಹಚ್ಚಿ, ಅದು ಹಿಂದಾಗುವ ತನಕ ನೋಡಿ, ನನ್ನ ಕಡೆ ತಿರುಗಿ, "ಸುಳ್ಳಲ್ರೀ!" ಎಂದರು. ಮುಖದ ತುಂಬ ನಗು, ಕಣ್ಣಿನ ತುಂಬ ನೀರು.

ಘಟ್ಟ ಇಳಿಯುವಾಗ ಅವರು ಇನ್ನೊಂದು ಕಂಡುಕೊಂಡರು. ಅವರ ಕಿಟಕಿಯ ಕಡೆ ಏನೂ ಇಲ್ಲದ ಒಂದು ತಿರುವಿನಲ್ಲಿ ಸಣ್ಣ ಗುಡಿಸಲು ಶಾಲೆ ಇದೆ ಎಂದು ನಾನು ದನಿ ಇಳಿಸಿದೆ, ಆದರೆ ಶಾಲೆ ಇದ್ದದ್ದು ಬಸ್ಸಿನ ಇನ್ನೊಂದು ಬದಿಗೆ. ನೋಡಬೇಕಾದರೆ ಖಾಲಿ ಸೀಟಿನ ಮೇಲಿಂದ ನೋಡಬೇಕು, ಪಂಪಾಪತಿಯವರೂ ಹಾಗೇ ನೋಡಿರಬೇಕು. ಇಂದುಮತಿ ತಿರುಗಿದರು. ಶಾಲೆ ದಾಟಿತು, ದನಿ ಏರಿಸಿದೆ, ಅವರು ಮಾತ್ರ ಆ ಸೀಟನ್ನು ನೋಡುತ್ತಲೇ ಇದ್ದರು. ತಲೆ ಒರಗುವಲ್ಲಿ ಬಟ್ಟೆ ಸವೆದಿತ್ತು.

"ಇಲ್ಲಿ ಬಾಯಿ ತೆರಕೊಂಡು ಕೂತಿರತಿದ್ದೆ ಅಂತ್ರಿ ನಾನು," ಎಂದರು. "ಅವ್ರ ಹೇಳೋರು."

ಅಲ್ಲಿಂದ ಮುಂದೆ ಪ್ರತಿ ತಗ್ಗಿಗೂ ಅವರು ಆ ಕಡೆಗೇ ತಿರುಗಿದರು. ಅಂಕೋಲೆಯ ಹತ್ತಿರ ಸಮುದ್ರ ಕಂಡಿತು, ಅದನ್ನೂ ನೋಡಲಿಲ್ಲ. ನನಗೆ ಅಪ್ಪ ನೆನಪಾದ, ಉಸ್ಮಾನ್ ನೆನಪಾದರು, ನನ್ನ ಪಕ್ಕ ಯಾರು ಯಾರು ಎಷ್ಟು ಸಲ ಕೂತಿದ್ದರೋ ಎಂದು ಲೆಕ್ಕ ಹಾಕತೊಡಗಿದೆ. ಮಂಗಳೂರಿನಲ್ಲಿ ಇಳಿದು ಅವರು ಆಸ್ಪತ್ರೆಯ ಕಡೆ ಹೋಗಲಿಲ್ಲ. ನಿಲ್ದಾಣದ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಉಳಿದೆವು. ಬೆಳಿಗ್ಗೆ ಅದೇ ಬಸ್ಸಿಗೆ, ಅವೇ ಸೀಟಿಗೆ ತಿರುಗಿ ಹತ್ತಿದೆವು. ಪರದೆಯ ಮೇಲೆ ನೂರಾರು ಮಿಕ್ಸುಗಳು ಮಿನುಗಿದವು. ಇಂದುಮತಿ ಒಂದನ್ನೂ ಮುಟ್ಟದೆ ಹಿಂದೆ ತಿರುಗಿ ನನ್ನ ಮುಖ ನೋಡಿದರು.

ಮರಳುವ ದಾರಿ ಇನ್ನೂ ಉದ್ದವಾಯಿತು. ಕೊಪ್ಪಳ ದಾಟುವಾಗ ಬಿಸಿಲು ಹಳದಿಗೆ ತಿರುಗಿತ್ತು. ನನ್ನ ಕೈ ಸೋತಿತ್ತು, ಹಾಡುಗಳು ಮುಗಿಯುತ್ತ ಬಂದಿದ್ದವು, ಕೊನೆಗೆ ಹಾಕಲೆಂದು ಒಂದು ಜೋರು ಹಲಗೆ ಇಟ್ಟಿದ್ದೆ. ಅದು ಶುರುವಾಗಿ ಏರುತ್ತ ಏರುತ್ತ ಬರುವಾಗ ಬಸ್ಸು ಕಾಲುವೆಯ ರಸ್ತೆಗೆ ತಿರುಗಿತು.

ಹೆಬ್ಬೆರಳು ಕೆಳಗೆ ಜಾರಿತು. ನಾನು ಜಾರಿಸಲಿಲ್ಲ.

ಇಂದುಮತಿ ತಟ್ಟನೆ ತಲೆ ಎತ್ತಿದರು. "ಇಲ್ಲೂ ಇಳಿತಿತ್ತೇನ್ರಿ ಅವ್ರಿಗೆ?"

"ಇಲ್ರಿ. ಇಲ್ಲಿ ಇರಲಿಲ್ಲ," ಎಂದೆ. "ಇದು ಹೊಸಾದು."

ಆಗ ಅವರಿಗೆ ತಮ್ಮ ಮನೆ ಕಂಡಿತು. ಬೀಗ ಹಾಕಿದ ಬಾಗಿಲು, ಮೆಟ್ಟಿಲ ಮೇಲೆ ಒಂದು ಬೆಕ್ಕು. ಒಳಗೆ ತಟ್ಟೆಗಳು ನಡುಗುತ್ತಿರಬೇಕು, ಮೊಳೆಯ ಮೇಲಿನ ಸೀಟಿಯೂ. ಅವರು ಕೈ ಮುಗಿಯಲಿಲ್ಲ. ಖಾಲಿ ಸೀಟಿನ ಮೇಲೆ ಅಂಗೈ ಇಟ್ಟು ಕೂತರು. ಬಸ್ಸು ಮನೆ ದಾಟಿತು. ದಾಟಿದ ಮೇಲೆ ಏರಿಸಬೇಕು, ಅದು ಅಪ್ಪನ ಮಾತು, ಇಲ್ಲದಿದ್ದರೆ ಮೆರವಣಿಗೆ ನಿಂತುಬಿಡುತ್ತದೆ. ನಾನು ಹೆಬ್ಬೆರಳು ಮೇಲೆತ್ತಲು ಹೋದೆ.

"ಈಗ ಏರಿಸಬ್ಯಾಡ್ರಿ," ಎಂದರು ಇಂದುಮತಿ. "ಇನ್ನೊಂಚೂರು."

ಬಸ್ಸು ನಿಲ್ದಾಣ ಹೊಕ್ಕಿತು. ಉಳಿದವರೆಲ್ಲ ಹೆಡ್‌ಫೋನ್ ತೆಗೆದು, ಈಗ ತಾನೇ ಹತ್ತಿದವರ ಹಾಗೆ ಎದ್ದು, ಆಗಲೇ ಬಂತಲ್ಲ ಎನ್ನುತ್ತ ಇಳಿದು ಹೋದರು. ಚಾಲಕನೂ ಇಳಿದ. ಅಪ್ಪ, ನನ್ನನ್ನು ಕ್ಷಮಿಸು, ನಾನು ಏರಿಸಲಿಲ್ಲ.